ಅಮ್ಮನ ‘ಉದ್ಯೋಗ’ದ ಕಾಲಂನಲ್ಲಿ ಏನು ಬರೆಯೋದು?

ಬಸ್ಸಲ್ಲಿ, ಮೆಟ್ರೋದಲ್ಲಿ, ಹಾಸಿಗೆ ಮೇಲೆ ಬಿದ್ಕೊಂಡು ಕೇಳ್ತಿರೋ ಎಲ್ಲರಿಗೂ ನಮಸ್ಕಾರ. ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಾ ಕೇಳ್ತಿರೋರಿಗೆ ಇನ್ನೊಂದು ನಮಸ್ಕಾರ ಜಾಸ್ತಿ. ಇವತ್ತಿನ ಎಪಿಸೋಡ್ ನಿಮ್ಮದೇ.

ಹೆಣ್ಣು-ಗಂಡು ಸಮಾನತೆ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ ತುಂಬಾ ಜನ ಕೇಳಿದ್ರಿ. ನಾನು ಮುಂದಕ್ಕೆ ಹಾಕ್ತಾನೇ ಬಂದೆ. ಆ ವಿಷಯ ಬಾಯಿಗೆ ಬಂದ ಎರಡೇ ನಿಮಿಷಕ್ಕೆ ನಾನು ಭಾಷಣ ಶುರು ಮಾಡಿಬಿಡ್ತೀನಿ, ನೀವು ಇನ್ನೊಂದು ಆ್ಯಪ್‌ಗೆ ಹೋಗಿಬಿಡ್ತೀರಿ. ಈಗ ಮಾಡ್ತಿರೋದಕ್ಕೆ ಕಾರಣ ನಮ್ಮಮ್ಮನ ಬಲಗೈ.

ನಮ್ಮದು ತಿಪಟೂರು ಹತ್ತಿರದ ಒಂದು ಹಳ್ಳಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ಅಮ್ಮ ಏನು ಮಾಡ್ತಾರೆ ಅನ್ನೋದೇ ಇವತ್ತಿನ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ. ಹೋದ ವರ್ಷ ಒಂದು ಸಂಜೆ ಅಮ್ಮ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡ್ಕೊಂಡು ರಸ್ತೆ ಪಕ್ಕದಲ್ಲಿ ನಡ್ಕೊಂಡು ಬರ್ತಿದ್ರು. ಹಿಂದಿನಿಂದ ಒಂದು ಬೈಕು ಬಂದು ಗುದ್ದಿತು. ದೇವರು ದೊಡ್ಡವನು, ಬಲಗೈ ಮಣಿಕಟ್ಟಿನ ಮೂಳೆ ಮುರಿದಿದ್ದು ಬಿಟ್ರೆ ಬೇರೆ ಏನೂ ಆಗಲಿಲ್ಲ. ಆಪರೇಷನ್ ಆಯ್ತು, ಪ್ಲೇಟು ಹಾಕಿದ್ರು, ಮೂರು ತಿಂಗಳು ಆ ಕೈಯಲ್ಲಿ ಏನೂ ಎತ್ತಬಾರದು ಅಂದ್ರು.

ಬೈಕಿಗೆ ಇನ್ಶೂರೆನ್ಸ್ ಇತ್ತು. ಹಾಗಾಗಿ ಪರಿಹಾರಕ್ಕೆ ಕೇಸು ಹಾಕೋಣ ಅಂತ ವಕೀಲರ ಹತ್ತಿರ ಹೋದ್ವಿ. ಅವರು ಪೆನ್ನು ತೆಗೆದು ಒಂದೊಂದೇ ಕೇಳ್ತಾ ಬಂದ್ರು. ಹೆಸರು, ವಯಸ್ಸು, ಊರು. ಆಮೇಲೆ, “ಉದ್ಯೋಗ?”

ಅಪ್ಪ ಥಟ್ ಅಂತ ಹೇಳಿದ್ರು: “ಏನಿಲ್ಲ ಸಾರ್. ಮನೇಲೇ ಇರ್ತಾಳೆ.”

ಅಮ್ಮ ಪಕ್ಕದಲ್ಲೇ ಕೂತಿದ್ರು, ಕೈಗೆ ಬ್ಯಾಂಡೇಜು. ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಮಾತ್ರ, ಹೊರಗೆ ನೋಡ್ಕೊಂಡು ಅಂದ್ರು: “ಮನೇಲೇ ಇರೋಳಿಗೆ ಸಂಜೆ ಆರು ಗಂಟೇಲಿ ರೋಡಲ್ಲೇನು ಕೆಲಸ ಇತ್ತು ಅಂತ ಆ ಲಾಯರಪ್ಪ ಕೇಳ್ಲೇ ಇಲ್ಲ ನೋಡು.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಅಪ್ಪ ಕೆಟ್ಟವರಲ್ಲ, ಅಮ್ಮನನ್ನ ಕೀಳಾಗಿ ನೋಡೋರೂ ಅಲ್ಲ. ಹಾಗಿದ್ದೂ ಮೂವತ್ತು ವರ್ಷ ಕಣ್ಣೆದುರಿಗೇ ನಡೆದ ಕೆಲಸ ಆ ಒಂದು ಪ್ರಶ್ನೆಗೆ ಉತ್ತರವಾಗಿ ಅವರ ಬಾಯಿಗೆ ಬರಲಿಲ್ಲ. ಅದು ಯಾಕೆ ಬರಲಿಲ್ಲ ಅಂತ ಹುಡುಕ್ತಾ ಹೋದೆ. ಹೋದಷ್ಟೂ ಗೊತ್ತಾಗಿದ್ದು, ಇದು ನಮ್ಮಪ್ಪ ಒಬ್ಬರ ಮರೆವಲ್ಲ ಅಂತ.

ಮೊದಲು ಎರಡು ಸಂಖ್ಯೆ ಹೇಳ್ತೀನಿ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ ‘ಟೈಮ್ ಯೂಸ್ ಸರ್ವೆ’ ಅಂತ ಒಂದು ಸಮೀಕ್ಷೆ ಮಾಡುತ್ತೆ. ಅದರಲ್ಲಿ ನಿಮ್ಮ ಸಂಬಳ ಕೇಳಲ್ಲ, ನಿಮ್ಮ ನಿನ್ನೆಯನ್ನ ಕೇಳ್ತಾರೆ. ಬೆಳಗಿನ ಜಾವ ನಾಲ್ಕರಿಂದ ಮಾರನೇ ದಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಗೆ ಏನೇನು ಮಾಡಿದ್ರಿ ಅಂತ. ದೇಶದಾದ್ಯಂತ ಮೊದಲ ಸಲ 2019ರಲ್ಲಿ ಮಾಡಿದ್ರು, ಎರಡನೇ ಸಲ 2024ರಲ್ಲಿ, ಸುಮಾರು 1.39 ಲಕ್ಷ ಮನೆಗಳಲ್ಲಿ.

2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ, ಅಂದ್ರೆ ಅಡುಗೆ, ಕಸ, ಬಟ್ಟೆ, ಪಾತ್ರೆಗೆ, ಹೆಣ್ಣುಮಕ್ಕಳು ದಿನಕ್ಕೆ 299 ನಿಮಿಷ ಕೊಡ್ತಿದ್ರು. ಗಂಡಸರು 97 ನಿಮಿಷ. ವ್ಯತ್ಯಾಸ 202 ನಿಮಿಷ. 2024ಕ್ಕೆ ಬಂದ್ರೆ ಹೆಣ್ಣುಮಕ್ಕಳದ್ದು 289ಕ್ಕೆ ಇಳಿದಿತ್ತು. ಮಿಕ್ಸಿ, ವಾಷಿಂಗ್ ಮಷೀನ್, ಗ್ಯಾಸು, ನಲ್ಲಿ ನೀರು, ಏನೋ ಒಂದು ಕಾರಣ ಇರಬಹುದು, ಒಳ್ಳೇದೇ. ಗಂಡಸರದ್ದು? 88. ಅವರದ್ದೂ ಇಳಿದಿತ್ತು! ವ್ಯತ್ಯಾಸ 201.

ಐದು ವರ್ಷದಲ್ಲಿ ಒಂದೇ ಒಂದು ನಿಮಿಷ. ಸರ್ವೆ ಅಂದಮೇಲೆ ಒಂದೆರಡು ನಿಮಿಷ ಆಚೀಚೆ ಇದ್ದೇ ಇರುತ್ತೆ, ಆ ಒಂದು ನಿಮಿಷವನ್ನ ಗಟ್ಟಿಯಾಗಿ ಹಿಡ್ಕೋಬೇಡಿ. ಅಂತರ ಇದ್ದಲ್ಲೇ ಇದೆ ಅಂತ ಇಟ್ಕೊಳ್ಳಿ ಸಾಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈ 97, 88 ಇವೆಲ್ಲ ಆ ದಿನ ಮನೆಗೆಲಸ ಏನಾದ್ರೂ ‘ಮಾಡಿದ’ ಗಂಡಸರ ಲೆಕ್ಕ ಮಾತ್ರ. 2019ರಲ್ಲಿ ಹಾಗೆ ಏನಾದ್ರೂ ಮಾಡಿದ ಗಂಡಸರು ನೂರಕ್ಕೆ 26 ಜನ, ಹೆಂಗಸರು 81. ಮಾಡದೇ ಇದ್ದೋರನ್ನೂ ಸೇರಿಸಿ ಹಂಚಿದ್ರೆ ಗಂಡಸಿನ ಪಾಲಿಗೆ ಬರೋದು ದಿನಕ್ಕೆ ಸುಮಾರು 25 ನಿಮಿಷ, ಹೆಂಗಸಿನ ಪಾಲಿಗೆ ನಾಲ್ಕು ಗಂಟೆ. ಅದರಲ್ಲಿ ಆರು ವರ್ಷ ಮೇಲ್ಪಟ್ಟ ಎಲ್ಲರೂ ಸೇರಿದ್ದಾರೆ ಅಂದ್ರೆ ಎರಡನೇ ಕ್ಲಾಸಿನ ಹುಡುಗಿ ಕಸ ಗುಡಿಸಿದ್ದೂ ಇದೆ. ಮಗು, ಮುದುಕರು, ರೋಗಿಗಳನ್ನ ನೋಡ್ಕೊಳ್ಳೋದು ಇದರಲ್ಲಿ ಬರಲ್ಲ, ಅದಕ್ಕೆ ಬೇರೆಯೇ ಲೆಕ್ಕ ಇದೆ. ಅಲ್ಲೂ ಕಥೆ ಇದೇ.

ಸರಿ, ಇಷ್ಟೊಂದು ಗಂಟೆ ಕೆಲಸ ನಡೀತಿದೆ. ಅದನ್ನ ‘ಕೆಲಸ’ ಅಂತ ಯಾಕೆ ಕರೆಯಲ್ಲ?

ಇದಕ್ಕೆ ಉತ್ತರ ನಮ್ಮನೆ ಕೊಟ್ಟಿಗೆಯಲ್ಲೇ ಸಿಕ್ತು. ಜನಗಣತಿಯಲ್ಲಿ ‘ಕೆಲಸಗಾರ’ ಅಂದ್ರೆ ಯಾರು ಅನ್ನೋದಕ್ಕೆ ಒಂದು ವ್ಯಾಖ್ಯೆ ಇದೆ. 2011ರ ಜನಗಣತಿ ಪ್ರಕಾರ ಸಂಬಳ ಸಿಗಲಿ ಬಿಡಲಿ, ಆರ್ಥಿಕವಾಗಿ ಉತ್ಪಾದಕ ಅನ್ನಿಸೋ ಯಾವುದೇ ಕೆಲಸ ಮಾಡಿದ್ರೂ ನೀವು ಕೆಲಸಗಾರರು. ಸ್ವಂತ ಜಮೀನಲ್ಲಿ ಕೂಲಿ ಇಲ್ಲದೆ ದುಡಿದ್ರೂ ಕೆಲಸವೇ. ಇನ್ನೂ ಒಂದು ಹೆಜ್ಜೆ ಮುಂದೆ: ಬರೀ ಮನೆ ಬಳಕೆಗೆ ಅಂತ ಹಾಲು ಉತ್ಪಾದನೆ ಮಾಡಿದ್ರೂ ಅದು ಕೆಲಸವೇ. ಅಂದ್ರೆ ಅಮ್ಮ ಹಸು ಹತ್ತಿರ ಕೂತು ಹಾಲು ಕರೆದ್ರೆ ಅವರು ದೇಶದ ಕೆಲಸಗಾರ್ತಿ. ಅದೇ ಹಾಲನ್ನ ಒಳಗೆ ತಂದು, ಒಲೆ ಮೇಲಿಟ್ಟು, ಉಕ್ಕದ ಹಾಗೆ ಕಾದು, ಕಾಫಿ ಬೆರೆಸಿ ಅಪ್ಪನ ಕೈಗೆ ಕೊಟ್ರೆ ಅದು ಲೆಕ್ಕಕ್ಕಿಲ್ಲ. ಕೊಟ್ಟಿಗೆಯಿಂದ ಅಡುಗೆಮನೆಗೆ ಹದಿನೈದು ಹೆಜ್ಜೆ. ಆ ಹದಿನೈದು ಹೆಜ್ಜೆಯಲ್ಲಿ ಕೆಲಸ ಆವಿಯಾಗಿ ಹೋಗುತ್ತೆ.

ಇದು ಭಾರತದವರು ಮಾತ್ರ ಮಾಡಿದ ತಮಾಷೆ ಅಲ್ಲ. ದೇಶಗಳ ಜಿಡಿಪಿ ಲೆಕ್ಕ ಹಾಕೋಕೆ ಪ್ರಪಂಚಕ್ಕೆಲ್ಲ ಒಂದೇ ಪದ್ಧತಿ ಇದೆ. ಅದರಲ್ಲಿ ಮನೆಯವರಿಗಾಗಿ ಬೆಳೆದ ‘ವಸ್ತು’ ಒಳಗೆ, ಮನೆಯವರಿಗಾಗಿ ಮಾಡಿದ ‘ಸೇವೆ’ ಹೊರಗೆ. ರಾಗಿ ಒಳಗೆ, ಮುದ್ದೆ ಹೊರಗೆ. ಇದರ ಎಡವಟ್ಟನ್ನ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ನೂರು ವರ್ಷದ ಹಿಂದೆಯೇ ಗುರುತಿಸಿದ್ರು. ಒಬ್ಬ ಮನುಷ್ಯ ತನ್ನ ಮನೆ ಅಡುಗೆಯವಳಿಗೆ ಸಂಬಳ ಕೊಡ್ತಿದ್ದಾನೆ, ಅದು ದೇಶದ ಆದಾಯದಲ್ಲಿ ಸೇರುತ್ತೆ. ಅವಳನ್ನೇ ಮದುವೆಯಾದ ಅಂದ್ಕೊಳ್ಳಿ. ಅಡುಗೆ ಅದೇ, ಕೈ ಅದೇ, ದೇಶದ ಆದಾಯ ಮಾತ್ರ ಕಮ್ಮಿ ಆಯ್ತು.

ಹಾಗಾದ್ರೆ ಯಾವುದು ಕೆಲಸ, ಯಾವುದಲ್ಲ ಅಂತ ಗೊತ್ತುಮಾಡೋದು ಹೇಗೆ? 1934ರಲ್ಲಿ ಮಾರ್ಗರೆಟ್ ರೀಡ್ ಅನ್ನೋ ಅರ್ಥಶಾಸ್ತ್ರಜ್ಞೆ ಒಂದು ಸರಳ ಪರೀಕ್ಷೆ ಕೊಟ್ರು. ಆ ಕೆಲಸವನ್ನ ದುಡ್ಡು ಕೊಟ್ಟು ಮೂರನೆಯವರ ಕೈಲಿ ಮಾಡಿಸೋಕಾಗುತ್ತಾ? ಆಗುತ್ತೆ ಅಂದ್ರೆ ಅದು ಕೆಲಸ. ನಿಮ್ಮ ಬದಲು ಇನ್ನೊಬ್ಬರು ನಿದ್ದೆ ಮಾಡೋಕಾಗಲ್ಲ, ರೀಲ್ಸ್ ನೋಡಿದ್ರೆ ನಿಮಗೆ ಖುಷಿ ಸಿಗಲ್ಲ. ನಿಮ್ಮ ಬದಲು ಇನ್ನೊಬ್ಬರು ಅನ್ನ ಮಾಡಬಹುದು. (ರೀಲ್ಸ್ ಉದಾಹರಣೆ ನನ್ನದು, 1934ರದ್ದಲ್ಲ.)

ನಮ್ಮನೇಲಿ ಆ ಪರೀಕ್ಷೆ ತಾನಾಗೇ ನಡೀತು. ಅದಕ್ಕೆ ಮುಂಚೆ ಒಂದು ಸಣ್ಣ ಜಗಳದ ವಿಷಯ ಹೇಳಬೇಕು.

ಅಮ್ಮ ಬಿದ್ದ ದಿನ ಅಪ್ಪ ಫೋನ್ ಮಾಡಿದ್ದು ನನಗೆ. ನಾನೂ ಬೆಂಗಳೂರಲ್ಲಿ, ನಮ್ಮಣ್ಣನೂ ಬೆಂಗಳೂರಲ್ಲಿ. ಇಬ್ಬರಿಗೂ ಊರಿಗೆ ರೈಲಲ್ಲಿ ಎರಡೂವರೆ ಗಂಟೆಯೇ. ಇಬ್ಬರಿಗೂ ಕೆಲಸ ಇದೆ. ಆದ್ರೂ “ನೀನು ರಜಾ ಹಾಕ್ಕೊಂಡು ಬಂದ್ಬಿಡವ್ವ” ಅಂತ ನನಗೆ ಹೇಳಿದ್ರು. ಅಣ್ಣನಿಗೆ ವಿಷಯ ತಿಳಿಸಿದ್ರು ಅಷ್ಟೇ. ಅವನು ಹತ್ತು ಸಾವಿರ ಕಳಿಸಿದ. ಊರಲ್ಲಿ ಎಲ್ಲರೂ “ಮಗ ಎಷ್ಟು ಜವಾಬ್ದಾರಿ ತಗೊಂಡ ನೋಡು” ಅಂದ್ರು. ನಾನು ಸಗಣಿ ಬಾಚ್ತಾ ಅದನ್ನ ಕೇಳಿಸ್ಕೊಂಡೆ.

ನನ್ನ ರಜೆ ಮುಗೀತು, ಸಂಬಳವಿಲ್ಲದ ರಜೆ ಶುರುವಾಯ್ತು. ನಾನು ಆರು ತಿಂಗಳಿಂದ ಕಟ್ಟಿದ ಒಂದು ಪ್ರಾಜೆಕ್ಟು ಬೇರೆಯವರ ಕೈಗೆ ಹೋಯ್ತು. ಯಾರೂ ಬೈಯಲಿಲ್ಲ, “ಫ್ಯಾಮಿಲಿ ಫಸ್ಟ್” ಅಂತ ಪ್ರೀತಿಯಿಂದಲೇ ಕೊಟ್ರು ಬೇರೆಯವರಿಗೆ. ತಿಂಗಳಾದ ಮೇಲೆ ಅಣ್ಣನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ನನ್ನನ್ನ ಯಾರೂ ಬಾ ಅನ್ನಲಿಲ್ಲ ಕಣೇ. ನಾನೂ ಬರ್ಲಾ ಅಂತ ಕೇಳಲಿಲ್ಲ. ಕೇಳೋದು ನನ್ನ ತಲೇಗೇ ಬರಲಿಲ್ಲ.”

ಅವನ ಮಾತಿಗೆ ಇನ್ನೊಂದು ಮುಖವೂ ಇದೆ. ಅವನ ತಲೆ ಮೇಲೆ ಮನೆ ಕಟ್ಟಿದ ಸಾಲ ಇದೆ. ಅವನು ಒಂದು ತಿಂಗಳು ಕೆಲಸ ಬಿಟ್ಟು ಊರಲ್ಲಿ ಕೂತಿದ್ರೆ “ಕೆಲಸ ಹೋಯ್ತಾ?” ಅಂತ ಊರೆಲ್ಲಾ ಕೇಳೋರು, ನನ್ನನ್ನ ಯಾರೂ ಕೇಳಲಿಲ್ಲ. ಕಾನೂನಿನ ಭಾಷೆಯೂ ಹೀಗೇ ಇದೆ. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ ತಾಯಿಗೆ 26 ವಾರ. ತಂದೆಗೆ? ಕೇಂದ್ರ ಸರ್ಕಾರಿ ನೌಕರರಾದ್ರೆ 15 ದಿನ. ಖಾಸಗಿ ಕಂಪನಿಗಳಿಗೆ ಕೊಡಲೇಬೇಕು ಅನ್ನೋ ಕಾನೂನೇ ಇಲ್ಲ, ಅವರವರ ಧರ್ಮ. ಮಗು ಯಾರ ಕೆಲಸ ಅಂತ ರಜೆಯ ಲೆಕ್ಕವೇ ಹೇಳಿಬಿಡುತ್ತೆ. ಕೆಲಸಕ್ಕೆ ತಗೊಳ್ಳೋರೂ ಆ ಲೆಕ್ಕವನ್ನ ಚೆನ್ನಾಗಿ ಓದ್ಕೊಂಡಿದ್ದಾರೆ.

ಎರಡನೇ ತಿಂಗಳು ಅಣ್ಣ ಬಂದ. ನಾನು ವಾಪಸ್ ಹೋದೆ. ಮುದ್ದೆ ತಿರುವೋಕೆ ಹೋಗಿ ಮೊದಲ ದಿನ ಗಂಜಿ ಮಾಡಿದ, ಎರಡನೇ ದಿನ ಗಂಟು ಗಂಟು. ಅಮ್ಮ ಪಕ್ಕದಲ್ಲಿ ಕೂತು ಬಾಯಲ್ಲೇ ಮುದ್ದೆ ತಿರುವಿದ್ರಂತೆ. ಆದ್ರೆ ಹಸು ಅವನಿಗೆ ಹಾಲು ಕೊಡಲಿಲ್ಲ, ಒದೀತು. ಅದಕ್ಕೊಬ್ಬರನ್ನ ಇಟ್ಕೊಂಡ್ರು. ಹತ್ತು ದಿನಕ್ಕೆ ಅವನ ಆಫೀಸಿಂದ ಫೋನು ಬಂತು, ಹೋದ. ಆಗ ಎಲ್ಲದಕ್ಕೂ ಜನ ಇಟ್ಕೊಳ್ಳಬೇಕಾಯ್ತು.

ಇಲ್ಲಿ ನಮ್ಮಪ್ಪನ ವೃತ್ತಿ ಉಪಯೋಗಕ್ಕೆ ಬಂತು. ನಾಲ್ಕಾಣೆ ಖರ್ಚಾದ್ರೂ ಬರೆದಿಡೋ ಮನುಷ್ಯ. ಮಂಡಿಯಲ್ಲಿ ಕೊಡೋ ಉದ್ದನೆ ಪುಸ್ತಕದಲ್ಲಿ ಮೂರನೇ ತಿಂಗಳ ಲೆಕ್ಕ ಬರೆದಿದ್ರು. ಹಸು ನೋಡಿ ಹಾಲು ಕರೆಯೋರಿಗೆ ದಿನಕ್ಕೆ 150ರಂತೆ 4,500. ಅಡುಗೆ, ಪಾತ್ರೆಗೆ 5,000. ಬಟ್ಟೆಗೆ 1,200. ಅಡುಗೆಯವರು ಬರದ ದಿನ ಹೋಟೆಲಿಂದ ತಂದ ಊಟ 1,800. ಒಟ್ಟು 12,500. ಅಪ್ಪನ ಸಂಬಳ 18,000. ಕೂಡಿಸಿ, ಅಡಿಗೆರೆ ಎಳೆದು, ಕನ್ನಡಕ ತೆಗೆದು ಅಪ್ಪ ಸ್ವಲ್ಪ ಹೊತ್ತು ಆ ಪುಟ ನೋಡ್ತಾ ಕೂತಿದ್ರಂತೆ.

ಆ ಪುಸ್ತಕ ತಗೊಂಡು ಮತ್ತೆ ವಕೀಲರ ಹತ್ತಿರ ಹೋದ್ವಿ. ಗೃಹಿಣಿಯ ಕೆಲಸಕ್ಕೆ ಬೆಲೆ ಎಷ್ಟು ಅನ್ನೋ ಪ್ರಶ್ನೆ ನಮ್ಮ ದೇಶದಲ್ಲಿ ಅತಿ ಹೆಚ್ಚು ಚರ್ಚೆಯಾಗಿರೋದು ಅಪಘಾತದ ಕೇಸುಗಳಲ್ಲೇ ಅನ್ನೋದು ನನಗೆ ಗೊತ್ತಾಗಿದ್ದು ಅಲ್ಲಿ. ಬದುಕಿರೋವರೆಗೂ ಯಾರೂ ಕೇಳಲ್ಲ, ಸತ್ತರೆ ಅಥವಾ ಕೈಕಾಲು ಮುರಿದ್ರೆ ಕೋರ್ಟು ಕೇಳುತ್ತೆ.

ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಒಂದು ಪಟ್ಟಿ ಸೇರಿಸಿದ್ರು. ಅದರ ಪ್ರಕಾರ ಸಂಪಾದನೆ ಇಲ್ಲದ ಹೆಂಡತಿಯ ಆದಾಯ ಅಂದ್ರೆ ಗಂಡನ ಆದಾಯದ ಮೂರನೇ ಒಂದು ಭಾಗ. ಈಗ ಆ ಪಟ್ಟಿ ಜಾರಿಯಲ್ಲಿಲ್ಲ, ಆದರೆ ಅದರ ತರ್ಕ ಗಮನಿಸಿ. ನಮ್ಮಮ್ಮನ ಕೈ ಮಾಡೋ ಕೆಲಸದ ಬೆಲೆ 6,000. ಅದೇ ಕೆಲಸ ಮಾಡೋ ಇನ್ನೊಬ್ಬಾಕೆಯ ಗಂಡ ಎಂಜಿನಿಯರ್ ಆಗಿದ್ರೆ 30,000. ಮುದ್ದೆ ಒಂದೇ, ಉಣ್ಣೋನ ಸಂಬಳದ ಮೇಲೆ ರೇಟು!

2010ರಲ್ಲಿ ಅರುಣ್ ಕುಮಾರ್ ಅಗರ್‌ವಾಲ್ ಪ್ರಕರಣ ಅಂತ ಸುಪ್ರೀಂ ಕೋರ್ಟಿನ ಮುಂದೆ ಬಂತು. ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅವರು ಆ ತೀರ್ಪಿನಲ್ಲಿ ಒಂದು ಸಂಗತಿ ಎತ್ತಿ ಹಿಡಿದ್ರು. 2001ರ ಜನಗಣತಿಯಲ್ಲಿ ಮನೆಗೆಲಸ ಮಾಡೋ ಹೆಂಗಸರನ್ನ ‘ಕೆಲಸ ಮಾಡದವರು’ ಅನ್ನೋ ಗುಂಪಿಗೆ ಹಾಕಿದ್ರು. ಆ ಗುಂಪಿನಲ್ಲಿ ಅವರ ಜೊತೆಗೆ ಯಾರಿದ್ರು ಅಂದ್ರೆ ಭಿಕ್ಷುಕರು, ಲೈಂಗಿಕ ವೃತ್ತಿಯವರು, ಕೈದಿಗಳು. ಹೀಗೆ ವರ್ಗ ಮಾಡಿದ್ದು ಸರಿಯಲ್ಲ, ಸಂಸತ್ತು ಇದನ್ನ ಮತ್ತೆ ಯೋಚಿಸಬೇಕು ಅಂತ ತೀರ್ಪು ಹೇಳಿತು. ಇದನ್ನ ಓದಿದ ದಿನ ನಾನು ಅಮ್ಮನಿಗೆ ಹೇಳಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ.

2021ರ ಜನವರಿಯಲ್ಲಿ ಇನ್ನೊಂದು ತೀರ್ಪು. ದೆಹಲಿಯಲ್ಲಿ ಬೈಕಿನಲ್ಲಿ ಹೋಗ್ತಿದ್ದ ಗಂಡ-ಹೆಂಡತಿ ಇಬ್ಬರೂ ಕಾರು ಗುದ್ದಿ ತೀರಿಕೊಂಡಿದ್ರು, ಮಕ್ಕಳು ಉಳಿದಿದ್ರು. ಆ ತಾಯಿ ಗೃಹಿಣಿ. ನ್ಯಾಯಮೂರ್ತಿ ಎನ್.ವಿ. ರಮಣ ಅವರು ನಾನು ಮೊದಲು ಹೇಳಿದ 299, 97 ನಿಮಿಷದ ಅದೇ ಸಂಖ್ಯೆಗಳನ್ನ ತೀರ್ಪಿನಲ್ಲಿ ಬರೆದ್ರು. 2011ರ ಜನಗಣತಿಯಲ್ಲಿ ಮನೆಗೆಲಸವೇ ನನ್ನ ಮುಖ್ಯ ಕೆಲಸ ಅಂದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷ ಅನ್ನೋದನ್ನೂ ಸೇರಿಸಿದ್ರು. ಗೃಹಿಣಿಗೆ ಆದಾಯ ಇದೆ ಅಂತ ಲೆಕ್ಕ ಹಿಡಿಯೋದು ಯಾರ ದಯೆಯೂ ಅಲ್ಲ, ಅದು ಸಂವಿಧಾನದ ಸಮಾನತೆಗೆ ಸೇರಿದ್ದು ಅನ್ನೋ ಅರ್ಥದ ಮಾತು ಅಲ್ಲಿದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ನೇರವಾಗಿ ಹೇಳಿತು: ಗೃಹಿಣಿಯ ಆದಾಯವನ್ನ ದಿನಗೂಲಿಯವರ ಆದಾಯಕ್ಕಿಂತ ಕಮ್ಮಿ ಹಿಡಿಯೋದು ಹೇಗೆ ಒಪ್ಪಿಗೆಯಾಗುತ್ತೆ?

ಕೋರ್ಟಿನಲ್ಲಿ ಇದಕ್ಕೆ ‘ಕಾಲ್ಪನಿಕ ಆದಾಯ’ ಅಂತ ಹೆಸರು. ದಾಖಲೆ ಇಲ್ಲದಿರೋದ್ರಿಂದ ಇಷ್ಟಿರಬಹುದು ಅಂತ ಊಹಿಸೋ ಆದಾಯ. ಹೆಸರು ಕೇಳಿ ಅಮ್ಮ ನಕ್ಕರು. “ನಂದು ಕಾಲ್ಪನಿಕ, ನಿಮ್ಮಪ್ಪಂದು ಮಾತ್ರ ನಿಜ ಬಿಡು.”

ಅಪಘಾತ ಆಗದಿದ್ರೆ? ಮನೆ, ಸೈಟು, ಜಮೀನು ಗಂಡನ ಹೆಸರಲ್ಲಿದ್ರೆ ಅದರಲ್ಲಿ ಗೃಹಿಣಿಯ ಪಾಲೆಷ್ಟು? 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಗಂಡ ಸೌದಿಯಲ್ಲಿ ದುಡಿದು ದುಡ್ಡು ಕಳಿಸ್ತಿದ್ದ, ಹೆಂಡತಿ ಊರಲ್ಲಿ ಮನೆ, ಮಕ್ಕಳು ನೋಡ್ಕೊಳ್ತಿದ್ದಳು. ಎಲ್ಲ ನನ್ನ ದುಡ್ಡು ಅಂತ ಅವನ ವಾದ. ಅವಳು ಮನೆ ನೋಡ್ಕೊಂಡಿದ್ದರಿಂದಲೇ ಅವನು ಅಲ್ಲಿ ದುಡಿಯೋಕಾಯ್ತು, ಅದೂ ಆಸ್ತಿಗೆ ಕೊಟ್ಟ ಪಾಲೇ ಅಂತ ಕೋರ್ಟು ಅರ್ಧ ಕೊಡಿಸಿತು. ಇದು ಒಂದು ರಾಜ್ಯದ ಒಂದು ಹೈಕೋರ್ಟಿನ ತೀರ್ಪು, ನಾಳೆ ಬೆಳಗ್ಗೆ ಎಲ್ಲರಿಗೂ ಅನ್ವಯ ಆಗಿಬಿಡಲ್ಲ. ಮದುವೆಯಾದ ಮೇಲೆ ಸಂಪಾದಿಸಿದ್ದು ಇಬ್ಬರದ್ದೂ ಅನ್ನೋ ಕಾನೂನು ಗೋವಾದಲ್ಲಿದೆ, ದೇಶದ ಬಹುಪಾಲು ಕಡೆ ಇಲ್ಲ.

“ಗೃಹಲಕ್ಷ್ಮಿ ದುಡ್ಡು ಬರುತ್ತಲ್ಲ” ಅಂತ ಕೇಳ್ತೀರಿ, ಗೊತ್ತು. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಶುರುವಾದ ಯೋಜನೆ. ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000. ಅದು ಸಹಾಯಧನ, ಮನೆಗೆಲಸದ ಸಂಬಳ ಅಲ್ಲ, ಹಾಗಂತ ಯಾರೂ ಹೇಳಿಯೂ ಇಲ್ಲ. ಆದ್ರೂ ಆ ‘ಯಜಮಾನಿ’ ಅನ್ನೋ ಪದ ನನಗಿಷ್ಟ. ಅಮ್ಮ ಇವತ್ತಿಗೂ ಅಪ್ಪನ ಹೆಸರು ಹೇಳಲ್ಲ, “ನಮ್ಮ ಯಜಮಾನ್ರು” ಅಂತಾರೆ. ಸರ್ಕಾರದ ಕಾಗದದಲ್ಲಿ ಅಮ್ಮನೇ ಯಜಮಾನಿ. ಡೈರಿಯ ಪಾಸ್‌ಬುಕ್ಕು ಮಾತ್ರ ಅಪ್ಪನ ಹೆಸರಲ್ಲಿ, ಹಾಲಿನ ದುಡ್ಡು ಹೋಗೋದು ಅಪ್ಪನ ಅಕೌಂಟಿಗೆ. ಹಸುವಿಗೆ ಅಪ್ಪನ ಮುಖಪರಿಚಯ ಅಷ್ಟಕ್ಕಷ್ಟೇ. ಶಕ್ತಿ ಯೋಜನೆಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಬನ್ನಿ ಅಂತ ನಾನು ಎರಡು ವರ್ಷದಿಂದ ಹೇಳ್ತಿದ್ದೆ. ಅಮ್ಮನ ಉತ್ತರ ಒಂದೇ: “ಬಸ್ಸೇನೋ ಫ್ರೀ ಕಣವ್ವ. ನಾನೆಲ್ಲಿ ಫ್ರೀ ಇದೀನಿ?”

2027ರ ಜನಗಣತಿಯಲ್ಲಿ ಮನೆಮಂದಿಯ ಕೆಲಸದ ಪ್ರಶ್ನೆಯೂ ಬರುತ್ತೆ. ಎಣಿಕೆಯವರು ಬಂದಾಗ ಬಾಗಿಲಲ್ಲಿ ನಿಂತು ಉತ್ತರ ಕೊಡೋದು ಯಾರು ಅನ್ನೋದರ ಮೇಲೆ ಎಷ್ಟೋ ನಿಂತಿದೆ. ಮನೆಯಲ್ಲಿ ಹಸು ಕರೆಯೋರು, ಹೊಲಕ್ಕೆ ಹೋಗೋರು, ಅಂಗಡಿಯಲ್ಲಿ ಕೂರೋರು ಇದ್ರೆ ಅವರು ‘ಏನಿಲ್ಲ’ ಅಲ್ಲ. ಇದು ಅಭಿಪ್ರಾಯ ಅಲ್ಲ, ಜನಗಣತಿಯದೇ ವ್ಯಾಖ್ಯೆ. ಆ ಸಲ ನಮ್ಮನೇಲಿ ಉತ್ತರ ಕೊಡೋದು ಅಮ್ಮನೇ ಅಂತ ತೀರ್ಮಾನ ಆಗಿದೆ.

ಕೇಸು ಇನ್ನೂ ನಡೀತಿದೆ. ಉದ್ಯೋಗದ ಕಾಲಂನಲ್ಲಿ ವಕೀಲರು ಈಗ ‘ಹೈನುಗಾರಿಕೆ ಮತ್ತು ಗೃಹಕೃತ್ಯ’ ಅಂತ ಬರೆದಿದ್ದಾರೆ, ಅಪ್ಪನ ಪುಸ್ತಕದ ನಕಲನ್ನೂ ಜೊತೆಗೆ ಇಟ್ಟಿದ್ದಾರೆ. ಕೋರ್ಟು ಎಷ್ಟು ಒಪ್ಪುತ್ತೋ ನೋಡಬೇಕು.

ನಕಲು ಮಾಡಿಸೋಕೆ ಮುಂಚೆ ಆ ಪುಸ್ತಕವನ್ನ ಅಮ್ಮ ಒಂದು ಸಲ ಇಸ್ಕೊಂಡು ನೋಡಿದ್ರು. ಎಡಗೈಯಲ್ಲಿ ಪುಟ ತಿರುವಿ, ಮೇಲಿಂದ ಕೆಳಗೆ ಓದಿ, ಅಪ್ಪನ ಕಡೆ ನೋಡಿದ್ರು. “ದುಡ್ಡು ಕೊಟ್ಟಿದ್ದು ಮಾತ್ರ ಬರ್ದಿದೀರಿ. ಅತ್ತೆಗೆ ಬೆಳಗ್ಗೆ-ರಾತ್ರಿ ಮಾತ್ರೆ ಕೊಡೋದು? ಹೆಪ್ಪು ಹಾಕೋದು? ಗ್ಯಾಸು ಯಾವಾಗ ಮುಗಿಯುತ್ತೆ ಅಂತ ನೋಡ್ಕೊಳ್ಳೋದು? ರಾತ್ರಿ ಎದ್ದು ಹಿತ್ಲು ಬಾಗ್ಲು ಹಾಕಿದೀವಾ ಅಂತ ನೋಡೋದು?”

ಅಪ್ಪ ಪೆನ್ನು ತಗೊಂಡ್ರು. “ನಿಧಾನಕ್ಕೆ ಹೇಳು,” ಅಂದ್ರು.

ನಿಮ್ಮನೇಲಿ ನಿನ್ನೆ ಬೆಳಗಿನ ನಾಲ್ಕರಿಂದ ಇವತ್ತಿನ ನಾಲ್ಕರವರೆಗೆ ಯಾರು ಏನೇನು ಮಾಡಿದ್ರು, ಅರ್ಧರ್ಧ ಗಂಟೆ ಲೆಕ್ಕದಲ್ಲಿ ಬರೆದು ನನಗೆ ವಾಯ್ಸ್ ನೋಟ್ ಕಳಿಸಿ. ಹುಡುಗರೂ ಕಳಿಸಿ, ಸುಳ್ಳು ಹೇಳಬೇಡಿ. ಮುಂದಿನ ವಾರ ಅವುಗಳಲ್ಲಿ ಕೆಲವನ್ನ ಕೇಳಿಸ್ತೀನಿ. ಸಿಗೋಣ.